ಒಂಟಿಗೈಯ ವಿಜ್ಞಾನಿ ಜೇಮ್ಸ್ ಸಮ್ನರ್ ಮತ್ತು ನಮ್ಮ ಬೆಟ್ಟದ ಮಣ್ಣು

ಶಿರಸಿ ತಾಲ್ಲೂಕಿನ ಭೈರುಂಬೆ ಭಾಗದ ಅಡಿಕೆ ಬೆಳೆಗಾರರು ಮಣ್ಣು ಪರೀಕ್ಷೆಯ ವರದಿಯನ್ನು ಕೈಯಲ್ಲಿ ಹಿಡಿದು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಒಂದೇ ಗುಡ್ಡದ ಒಂದು ಮಗ್ಗುಲಿನಲ್ಲಿ ಮತ್ತಿ, ಹೊನ್ನೆ, ನಂದಿ, ಕಿಂದಲ, ನೇರಲು ಕೂಡಿ ಬೆಳೆದ ಹಳೆಯ ಕಾಡು ಇರುತ್ತದೆ. ಇನ್ನೊಂದು ಮಗ್ಗುಲಿನಲ್ಲಿ ಸಾಲಾಗಿ ನೆಟ್ಟ ಅಕೇಶಿಯಾ ಇರುತ್ತದೆ. ಎರಡೂ ಕಡೆಯ ಮಣ್ಣಿನ ರಸಸಾರ ಮತ್ತು ಪೊಟ್ಯಾಷ್ ಅಂಕಿಗಳಲ್ಲಿ ಕೆಲವೊಮ್ಮೆ ಹೇಳಿಕೊಳ್ಳುವಷ್ಟು ಅಂತರ ಕಾಣುವುದಿಲ್ಲ. ಆದರೂ ಹಳೆಯ ಕಾಡಿನ ಮಣ್ಣು ಕೈಗೆ ಮೃದುವಾಗಿ, ಕಪ್ಪಾಗಿ ಹತ್ತುತ್ತದೆ, ಅಲ್ಲಿ ಬಿದ್ದ ದರಕು ಮಳೆಗಾಲ ಕಳೆಯುವುದರೊಳಗೆ ಮಣ್ಣಾಗುತ್ತದೆ. ಅಕೇಶಿಯಾದ ಕೆಳಗೆ ಎಲೆಯ ದಪ್ಪ ಪದರ ವರ್ಷ ಕಳೆದರೂ ಹಾಗೆಯೇ ಉಳಿದಿರುತ್ತದೆ. ವರದಿಯಲ್ಲಿ ಕಾಣದ ಈ ವ್ಯತ್ಯಾಸ ಯಾವುದು ಎಂಬುದೇ ಆ ಪ್ರಶ್ನೆ.

ಸಾಮಾನ್ಯ ಮಣ್ಣು ಪರೀಕ್ಷೆ ತಿಳಿಸುವುದು ಮುಖ್ಯವಾಗಿ ಮಣ್ಣಿನಲ್ಲಿರುವ ದಾಸ್ತಾನನ್ನು. ಕಣಜದಲ್ಲಿ ಭತ್ತವಿದ್ದ ಮಾತ್ರಕ್ಕೆ ಎಲೆಯ ಮೇಲೆ ಅನ್ನ ಬೀಳುವುದಿಲ್ಲ. ಕುಟ್ಟುವವರು, ಬೇಯಿಸುವವರು ಬೇಕು. ಮಣ್ಣಿನಲ್ಲಿ ಆ ಕೆಲಸವನ್ನು ಮಾಡುವವು ಕಿಣ್ವಗಳು. ಎಲೆಯಲ್ಲಿ, ಗೊಬ್ಬರದಲ್ಲಿ, ಯೂರಿಯಾದಲ್ಲಿ ಅಡಗಿರುವ ಪೋಷಕಾಂಶವನ್ನು ಬೇರು ಹೀರಬಲ್ಲ ರೂಪಕ್ಕೆ ತರುವವು ಅವೇ. ನೆಡುತೋಪು ಮತ್ತು ಸಹಜ ಅರಣ್ಯದ ಮಣ್ಣುಗಳನ್ನು ಇಂದು ವಿಜ್ಞಾನಿಗಳು ಹೋಲಿಸುವಾಗ ಕಿಣ್ವಗಳ ಚಟುವಟಿಕೆಯನ್ನು ಅಳೆಯುವುದು ಇದೇ ಕಾರಣದಿಂದ. ಆದರೆ ಕಿಣ್ವವೆಂದರೆ ಏನು ಎಂಬುದೇ ನೂರು ವರ್ಷಗಳ ಹಿಂದೆ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ಅದನ್ನು ಮೊದಲು ಕೈಗೆ ಸಿಗುವಂತೆ, ಕಣ್ಣಿಗೆ ಕಾಣುವಂತೆ ಮಾಡಿದವರು ಅಮೆರಿಕದ ರಸಾಯನ ವಿಜ್ಞಾನಿ ಜೇಮ್ಸ್ ಬ್ಯಾಚೆಲರ್ ಸಮ್ನರ್. ಅವರ ಜೀವನವನ್ನು ನಮ್ಮ ಬೆಟ್ಟದ ಮಣ್ಣಿನೊಡನೆ ಸೇರಿಸಿ ತಿಳಿಸುವುದು ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ಅಪಘಾತ

ಸಮ್ನರ್ ಅವರು 1887ರ ನವೆಂಬರ್ 19ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕ್ಯಾಂಟನ್ ಎಂಬಲ್ಲಿ ಜನಿಸಿದರು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ವಲಸೆ ಬಂದ ಅನುಕೂಲಸ್ಥ ಕುಟುಂಬ ಅವರದು. ಬಾಲಕನಿಗೆ ಬೇಟೆಯ ಹವ್ಯಾಸವಿತ್ತು. ಶಾಲೆಯ ಪಾಠಗಳಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರವನ್ನು ಬಿಟ್ಟರೆ ಉಳಿದುವು ಅವರಿಗೆ ರುಚಿಸುತ್ತಿರಲಿಲ್ಲ.

ಹದಿನೇಳನೆಯ ವಯಸ್ಸಿನಲ್ಲಿ ಹಕ್ಕಿಬೇಟೆಗೆ ಹೋದಾಗ ಜೊತೆಗಾರನ ಬಂದೂಕಿನ ಗುಂಡು ಆಕಸ್ಮಿಕವಾಗಿ ಅವರ ಎಡಗೈಗೆ ತಗುಲಿತು. ಮೊಣಕೈಯ ಕೆಳಗೆ ಕೈಯನ್ನು ಕತ್ತರಿಸಿ ತೆಗೆಯಬೇಕಾಯಿತು. ದುರದೃಷ್ಟವೆಂದರೆ ಅವರು ಎಡಚರಾಗಿದ್ದರು. ಬರೆಯುವುದನ್ನೂ ಉಣ್ಣುವುದನ್ನೂ ಬಲಗೈಯಿಂದ ಹೊಸದಾಗಿ ಕಲಿಯಬೇಕಾಯಿತು. ಇಷ್ಟಕ್ಕೇ ತೃಪ್ತರಾಗದೆ ಅವರು ಟೆನಿಸ್, ಹಿಮದ ಮೇಲಿನ ಜಾರಾಟ, ಬಿಲಿಯರ್ಡ್ಸ್ ಆಟಗಳಲ್ಲಿ ಎರಡು ಕೈಯುಳ್ಳವರಿಗೆ ಸರಿಸಮನಾಗಿ ನಿಲ್ಲುವಷ್ಟು ಅಭ್ಯಾಸ ಮಾಡಿದರು. ಮುಂದಿನ ಜೀವನದಲ್ಲಿ ಅವರನ್ನು ಕಾಪಾಡಿದ್ದು ಈ ಹಟವೇ.

ಶಿಕ್ಷಣ ಮತ್ತು ಒಂದು ನಿರುತ್ಸಾಹದ ಸಲಹೆ

1906ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿ 1910ರಲ್ಲಿ ರಸಾಯನಶಾಸ್ತ್ರದಲ್ಲಿ ಪದವಿ ಪಡೆದರು. ಕೆಲಕಾಲ ಬಂಧುಗಳೊಬ್ಬರ ಹತ್ತಿಯ ಕಾರ್ಖಾನೆಯಲ್ಲಿ ದುಡಿದು, ಅನಂತರ ಕೆನಡಾದ ಕಾಲೇಜೊಂದರಲ್ಲಿ ಅಲ್ಪ ಅವಧಿಗೆ ಪಾಠ ಹೇಳಿದರು. 1912ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಜೀವರಸಾಯನ ವಿಜ್ಞಾನಿ ಓಟೊ ಫೋಲಿನ್ ಅವರಲ್ಲಿ ಸಂಶೋಧನೆ ಮಾಡಲು ಬಂದರು. ಗಾಜಿನ ಸಾಮಗ್ರಿಗಳೊಡನೆ ಹೆಣಗಬೇಕಾದ ಈ ವಿದ್ಯೆಯಲ್ಲಿ ಒಂದೇ ಕೈಯುಳ್ಳವನು ಮುಂದೆ ಬರಲಾರನೆಂದು ಭಾವಿಸಿದ ಫೋಲಿನ್, ಕಾನೂನು ಓದುವುದು ಲೇಸೆಂದು ಸಲಹೆ ನೀಡಿದರು. ಸಮ್ನರ್ ಒಪ್ಪಲಿಲ್ಲ. 1914ರಲ್ಲಿ ಪ್ರಾಣಿಗಳ ದೇಹದಲ್ಲಿ ಯೂರಿಯಾ ಉಂಟಾಗುವ ಬಗೆಯನ್ನು ಕುರಿತ ಅಧ್ಯಯನಕ್ಕೆ ಡಾಕ್ಟರೇಟ್ ಪಡೆದರು. ಇಂದು ಚೀಲಗಳಲ್ಲಿ ನಮ್ಮ ಹಳ್ಳಿಗಳಿಗೆ ಬರುವ ಯೂರಿಯಾವೂ ದನದ ಗಂಜಳದಲ್ಲಿರುವ ಯೂರಿಯಾವೂ ಒಂದೇ ವಸ್ತು. ಅದರ ಉತ್ಪತ್ತಿಯಿಂದ ಆರಂಭಿಸಿದ ಸಮ್ನರ್, ಮುಂದೆ ಅದನ್ನು ಒಡೆಯುವ ಶಕ್ತಿಯ ಬೆನ್ನು ಹತ್ತಿದರು.

ಅದೇ ವರ್ಷ ಯುರೋಪಿನ ಪ್ರವಾಸದಲ್ಲಿದ್ದಾಗ ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಜೀವರಸಾಯನಶಾಸ್ತ್ರದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಕರೆ ಬಂತು. ಮೊದಲನೆಯ ಮಹಾಯುದ್ಧ ಆರಂಭವಾದ್ದರಿಂದ ಹಿಂದಿರುಗುವುದು ತಡವಾಯಿತಾದರೂ ಕೊನೆಗೆ ಅಲ್ಲಿಗೆ ತಲುಪಿದರು. ಅವರ ಜೀವನದ ಬಹುಭಾಗ ಅಲ್ಲಿಯೇ ಕಳೆಯಿತು.

ಅವರೆಕಾಳಿನ ಮುಂದೆ ಒಂಬತ್ತು ವರ್ಷ

ಕಾರ್ನೆಲ್‌ನಲ್ಲಿ ಸಮ್ನರ್ ಅವರಿಗೆ ಬೋಧನೆಯ ಹೊರೆ ಹೆಚ್ಚಿತ್ತು. ಸಂಶೋಧನೆಗೆ ಸಮಯ, ಸಲಕರಣೆ, ಹಣ, ಸಹಾಯಕರು ಎಲ್ಲವೂ ಕಡಿಮೆ. ಇಂಥ ಸ್ಥಿತಿಯಲ್ಲಿ ಚಿಕ್ಕ ಪುಟ್ಟ ಕೆಲಸಗಳಿಗೆ ಶ್ರಮ ವ್ಯಯಿಸುವುದಕ್ಕಿಂತ ನಿಜವಾಗಿ ಮಹತ್ವವುಳ್ಳ ಒಂದೇ ಕೆಲಸವನ್ನು ಹಿಡಿಯುವುದು ಮೇಲೆಂದು ಅವರು ನಿರ್ಧರಿಸಿದರು. 1917ರಲ್ಲಿ ಕಿಣ್ವವೊಂದನ್ನು ಶುದ್ಧರೂಪದಲ್ಲಿ ಬೇರ್ಪಡಿಸುವ ಕೆಲಸಕ್ಕೆ ಕೈಹಾಕಿದರು.

ಆಗಿನ ತಿಳಿವಳಿಕೆಯನ್ನು ಇಲ್ಲಿ ಸ್ವಲ್ಪ ನೋಡಬೇಕು. ಹಿಟ್ಟು ಹುಳಿಯುವುದು, ರಸ ಹುದುಗುವುದು ಕಿಣ್ವಗಳಿಂದ ಎಂಬುದು ಗೊತ್ತಿತ್ತು. ಜೀವಂತ ಯೀಸ್ಟ್ ಕೋಶವಿಲ್ಲದೆ ಅದರ ರಸವೊಂದೇ ಸಕ್ಕರೆಯನ್ನು ಹುದುಗಿಸಬಲ್ಲದೆಂದು ಜರ್ಮನಿಯ ಎಡ್ವರ್ಡ್ ಬುಕ್ನರ್ 1897ರಲ್ಲಿ ತೋರಿಸಿದ್ದರು. ಆದರೆ ಆ ರಸದಲ್ಲಿ ಕೆಲಸ ಮಾಡುವ ವಸ್ತು ಯಾವುದು? ಪತ್ರಹರಿತ್ತಿನ ಅಧ್ಯಯನಕ್ಕೆ ನೊಬೆಲ್ ಪಡೆದಿದ್ದ ರಿಚರ್ಡ್ ವಿಲ್‌ಸ್ಟೆಟ್ಟರ್ ಮತ್ತು ಅವರ ಶಿಷ್ಯರು ಕಿಣ್ವ ಪ್ರೋಟೀನ್ ಅಲ್ಲವೆಂದೂ, ಪ್ರೋಟೀನ್ ಅದನ್ನು ಹೊತ್ತಿರುವ ವಾಹಕ ಮಾತ್ರವೆಂದೂ ನಂಬಿದ್ದರು. ಅವರ ಮಾತಿಗೆ ಎದುರಾಡುವವರು ವಿರಳವಾಗಿದ್ದರು.

ಸಮ್ನರ್ ಆರಿಸಿಕೊಂಡ ಕಿಣ್ವ ಯೂರಿಯೇಸ್. ಇದು ಯೂರಿಯಾವನ್ನು ನೀರಿನೊಡನೆ ಸೇರಿಸಿ ಅಮೋನಿಯ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಜ್ಯಾಕ್ ಬೀನ್ ಎಂಬ ಅವರೆಯ ಕಾಳಿನಲ್ಲಿ ಈ ಕಿಣ್ವ ಹೇರಳವಾಗಿರುವುದು ಆಗ ಹೊಸದಾಗಿ ತಿಳಿದುಬಂದಿತ್ತು. ನಮ್ಮಲ್ಲಿ ಹಿತ್ತಿಲ ಬೇಲಿಗೆ ಹಬ್ಬಿಸುವ, ಕತ್ತಿಯಂತೆ ಅಗಲವಾದ ಉದ್ದ ಕಾಯಿ ಬಿಡುವ ಅವರೆಯ ಹತ್ತಿರದ ಬಳಗ ಅದು. ನಮ್ಮ ಹುರುಳಿಕಾಳಿನಲ್ಲಿಯೂ ಈ ಕಿಣ್ವ ಸಾಕಷ್ಟಿದೆ.

ಕಾಳಿನ ಹಿಟ್ಟಿನಿಂದ ರಸ ತೆಗೆದು, ಅದನ್ನು ಶೋಧಿಸಿ, ತಂಪಿನಲ್ಲಿರಿಸಿ, ಬೇಡದ ವಸ್ತುಗಳನ್ನು ಒಂದೊಂದಾಗಿ ಕಳೆಯುತ್ತ ಹೋಗುವುದು ಅವರ ಕ್ರಮ. ಮೊದಮೊದಲು ಪ್ರಯೋಗಾಲಯದಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯೂ ಇರಲಿಲ್ಲ. ರಸದ ಪಾತ್ರೆಗಳನ್ನು ಕಿಟಕಿಯ ಹೊರಗಿನ ಕಟ್ಟೆಯ ಮೇಲಿಟ್ಟು ರಾತ್ರಿ ಚಳಿ ಬೀಳಲೆಂದು ಕಾಯಬೇಕಾಗುತ್ತಿತ್ತು. ವರ್ಷಗಳು ಹೀಗೆಯೇ ಉರುಳಿದವು. 1921ರಲ್ಲಿ ಬೆಲ್ಜಿಯಂಗೆ ಹೋಗಿ ಕಿಣ್ವ ತಜ್ಞ ಜೀನ್ ಎಫ್ರಾಂಟ್ ಅವರೊಡನೆ ಕೆಲಸ ಮಾಡುವ ಅವಕಾಶ ಒದಗಿತ್ತು. ಆದರೆ ಯೂರಿಯೇಸನ್ನು ಬೇರ್ಪಡಿಸುವ ವಿಚಾರವೇ ಹಾಸ್ಯಾಸ್ಪದವೆಂದು ಎಫ್ರಾಂಟ್ ಭಾವಿಸಿದ್ದರಿಂದ ಆ ಯೋಜನೆ ಕೈಬಿಟ್ಟುಹೋಯಿತು. ಸಮ್ನರ್ ಇಥಾಕಾದಲ್ಲಿಯೇ ಹಿಟ್ಟು, ರಸ, ಸೋಸುವ ಕಾಗದಗಳೊಡನೆ ಮುಂದುವರಿದರು.

1926ರಲ್ಲಿ ಅವರು ಮೊದಲಿನಿಂದ ಬಳಸುತ್ತಿದ್ದ ಆಲ್ಕೊಹಾಲನ್ನು ಬಿಟ್ಟು, ನೀರು ಬೆರೆಸಿದ ಅಸಿಟೋನಿನಿಂದ ಹಿಟ್ಟಿನ ರಸ ತೆಗೆದು ರಾತ್ರಿ ತಂಪಿನಲ್ಲಿ ಇಟ್ಟರು. ಮರುದಿನ ಅದರ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎಂಟು ಮುಖಗಳುಳ್ಳ ಪುಟ್ಟ ಹರಳುಗಳು ಕಂಡವು. ಅಂಥ ಹರಳುಗಳನ್ನು ಅವರು ಹಿಂದೆ ನೋಡಿರಲಿಲ್ಲ. ಹರಳುಗಳನ್ನು ಬೇರ್ಪಡಿಸಿ ನೀರಿನಲ್ಲಿ ಕರಗಿಸಿ ಪರೀಕ್ಷಿಸಿದರು. ಅವು ಯೂರಿಯಾವನ್ನು ಅತಿ ವೇಗವಾಗಿ ಒಡೆದವು; ಪ್ರೋಟೀನಿನ ಎಲ್ಲ ಪರೀಕ್ಷೆಗಳಿಗೂ ಸ್ಪಂದಿಸಿದವು. ಕಿಣ್ವ ಪ್ರೋಟೀನ್ ಎಂಬುದಕ್ಕೆ ದೊರೆತ ಮೊದಲ ಗಟ್ಟಿ ಸಾಕ್ಷ್ಯ ಅದು. ಒಂಬತ್ತು ವರ್ಷಗಳ ದುಡಿಮೆಯ ಫಲ ಒಂದು ಹನಿಯಲ್ಲಿ ಕಂಡ ಆ ಬೆಳಗ್ಗೆ ಅವರು ಮೊದಲು ದೂರವಾಣಿಯಲ್ಲಿ ಸುದ್ದಿ ತಿಳಿಸಿದ್ದು ತಮ್ಮ ಮಡದಿಗೆ.

ವಿರೋಧ ಮತ್ತು ಮನ್ನಣೆ

ಜಗತ್ತು ತಕ್ಷಣ ಒಪ್ಪಲಿಲ್ಲ. ಹರಳು ಪ್ರೋಟೀನಿನದಿರಬಹುದು, ಕಿಣ್ವ ಅದಕ್ಕೆ ಅಂಟಿಕೊಂಡಿರುವ ಬೇರೊಂದು ವಸ್ತುವಾಗಿರಬಹುದು ಎಂದು ಜರ್ಮನಿಯ ಪಂಡಿತರು ವಾದಿಸಿದರು. ಅವರು ತಾವು ಶುದ್ಧಗೊಳಿಸಿದ ಕಿಣ್ವಗಳಲ್ಲಿ ಪ್ರೋಟೀನಿನ ಸುಳಿವು ಕಂಡಿರಲಿಲ್ಲ. ನಿಜದಲ್ಲಿ ಅಲ್ಲಿದ್ದ ಪ್ರೋಟೀನಿನ ಪ್ರಮಾಣ ಅಂದಿನ ಪರೀಕ್ಷೆಗಳಿಗೆ ನಿಲುಕದಷ್ಟು ಅಲ್ಪವಾಗಿತ್ತು; ಅಷ್ಟು ಅಲ್ಪ ಪ್ರಮಾಣವೇ ಅಷ್ಟು ದೊಡ್ಡ ಕೆಲಸ ಮಾಡುತ್ತಿತ್ತು. ಸಮ್ನರ್ ಹೊಸ ಹೊಸ ಪ್ರಯೋಗಗಳಿಂದ ಉತ್ತರ ಕೊಡುತ್ತ ಹೋದರು.

ವಿವಾದದ ದಿಕ್ಕು ಬದಲಾದದ್ದು ಜಾನ್ ನಾರ್ತ್‌ರಪ್ ಅವರ ಕೆಲಸದಿಂದ. ಅವರು 1930ರಲ್ಲಿ ಜಠರದ ಪೆಪ್ಸಿನ್ ಕಿಣ್ವವನ್ನು ಹರಳಾಗಿ ಪಡೆದು ಅದೂ ಪ್ರೋಟೀನ್ ಎಂದು ತೋರಿಸಿದರು. 1929ರಲ್ಲಿ ಸಮ್ನರ್ ಪೂರ್ಣ ಪ್ರಾಧ್ಯಾಪಕರಾದರು. 1937ರಲ್ಲಿ ಅಲೆಕ್ಸಾಂಡರ್ ಡೌನ್ಸ್ ಅವರೊಡನೆ ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವವನ್ನು ಹರಳುಗಟ್ಟಿಸಿದರು. 1946ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧಭಾಗ ಸಮ್ನರ್ ಅವರಿಗೆ, ಉಳಿದರ್ಧ ನಾರ್ತ್‌ರಪ್ ಮತ್ತು ವೆಂಡೆಲ್ ಸ್ಟ್ಯಾನ್ಲಿ ಅವರಿಗೆ ದೊರೆಯಿತು. ಹರಳು ಕಂಡ ದಿನಕ್ಕೂ ಈ ಮನ್ನಣೆಗೂ ನಡುವೆ ಇಪ್ಪತ್ತು ವರ್ಷಗಳ ಅಂತರವಿತ್ತು.

ಕಾಳಿನಿಂದ ಮಣ್ಣಿಗೆ

ಸಮ್ನರ್ ಮಣ್ಣು ವಿಜ್ಞಾನಿಯಾಗಿರಲಿಲ್ಲ. ಆದರೆ ಅವರು ಹಿಡಿದುಕೊಟ್ಟ ಕಿಣ್ವ ಮಣ್ಣಿನಲ್ಲಿಯೂ ಇದೆಯೆಂದು ಇಟಲಿಯ ರೊಟಿನಿ 1935ರಲ್ಲಿ ವರದಿ ಮಾಡಿದರು. ಮುಂದೆ ಮಣ್ಣಿನ ಹಲವಾರು ಕಿಣ್ವಗಳನ್ನು ಅಳೆಯುವ ವಿಧಾನಗಳು ಬಂದವು. ಅರಣ್ಯದ ಮಣ್ಣುಗಳ ಹೋಲಿಕೆಯಲ್ಲಿ ಹೆಚ್ಚಾಗಿ ಅಳೆಯುವವು ಮೂರು.

ಮೊದಲನೆಯದು ಡಿಹೈಡ್ರೋಜಿನೇಸ್. ಇದು ಜೀವಂತ ಸೂಕ್ಷ್ಮಜೀವಿಗಳ ಒಳಗೆ ಮಾತ್ರ ಕೆಲಸ ಮಾಡುತ್ತದೆ. ಆದುದರಿಂದ ಮಣ್ಣಿನಲ್ಲಿ ಆ ಹೊತ್ತಿಗೆ ಎಷ್ಟು ಜೀವಚಟುವಟಿಕೆ ಇದೆ ಎಂಬುದಕ್ಕೆ ಇದು ನಾಡಿಮಿಡಿತವಿದ್ದಂತೆ. ಎರಡನೆಯದು ಫಾಸ್ಫಟೇಸ್. ಎಲೆಗೊಳೆಯಲ್ಲಿರುವ ಸಾವಯವ ರಂಜಕವನ್ನು ಇದು ಬೇರಿಗೆ ಸಿಗುವಂತೆ ಬಿಡಿಸುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಧಿಕವಾಗಿರುವ ಮಲೆನಾಡಿನ ಹುಳಿಮಣ್ಣು ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ನಮ್ಮಲ್ಲಿ ಈ ಕಿಣ್ವದ ಬೆಲೆ ಹೆಚ್ಚು. ಮೂರನೆಯದು ಸಮ್ನರ್ ಅವರ ಯೂರಿಯೇಸ್. ಸೂಕ್ಷ್ಮಜೀವಿ ಸತ್ತರೂ ಅದು ಬಿಟ್ಟುಹೋದ ಯೂರಿಯೇಸ್ ಮತ್ತು ಫಾಸ್ಫಟೇಸ್‌ಗಳ ಒಂದು ಪಾಲು ಜೇಡಿಯ ಕಣಗಳಿಗೂ ಹ್ಯೂಮಸ್‌ಗೂ ಅಂಟಿಕೊಂಡು ಕೆಲಸ ಮುಂದುವರಿಸುತ್ತದೆ. ಹಳೆಯ ಕಾಡಿನ ಮಣ್ಣಿನಲ್ಲಿ ಹೀಗೆ ಹಿಂದಿನ ತಲೆಮಾರುಗಳ ಜೀವಿಗಳ ದುಡಿಮೆಯೂ ಕೂಡಿಕೊಂಡಿರುತ್ತದೆ. ಕಾಡನ್ನು ಕಡಿದು ಮೇಲ್ಮಣ್ಣು ಕೊಚ್ಚಿಹೋದಾಗ ನಾವು ಕಳೆದುಕೊಳ್ಳುವ ಆಸ್ತಿಯಲ್ಲಿ ಇದೂ ಒಂದು.

ಕಾನು, ಬೆಟ್ಟ ಮತ್ತು ನೆಡುತೋಪು

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಒಂದೇ ಊರಿನ ಎಲ್ಲೆಯೊಳಗೆ ಮೂರು ಬಗೆಯ ಕಾಡಿನ ಮಣ್ಣನ್ನು ಕಾಣಬಹುದು. ಒಂದು, ನಿತ್ಯಹರಿದ್ವರ್ಣದ ಮರಗಳು ದಟ್ಟವಾಗಿರುವ ಕಾನು. ಎರಡು, ಅಡಿಕೆ ಭಾಗಾಯ್ತಕ್ಕೆ ಸೊಪ್ಪು ಮತ್ತು ದರಕು ಒದಗಿಸಲು ಬ್ರಿಟಿಷರ ಕಾಲದಿಂದ ಬಿಟ್ಟುಕೊಟ್ಟಿರುವ ಸೊಪ್ಪಿನ ಬೆಟ್ಟ. ಈ ಸೀಮೆಯಲ್ಲಿ ಎಕರೆ ಭಾಗಾಯ್ತಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯವಿರುವುದು ಎಲ್ಲರಿಗೂ ತಿಳಿದದ್ದೇ. ಮೂರು, ತೇಗ, ನೀಲಗಿರಿ ಮತ್ತು 1980ರ ದಶಕದಿಂದೀಚೆಗೆ ವ್ಯಾಪಕವಾಗಿ ನೆಟ್ಟ ಅಕೇಶಿಯಾ ನೆಡುತೋಪುಗಳು.

ಸಹಜ ಅರಣ್ಯವನ್ನೂ ಏಕಜಾತಿಯ ನೆಡುತೋಪನ್ನೂ ಅಕ್ಕಪಕ್ಕದಲ್ಲಿಟ್ಟು ಬೇರೆ ಬೇರೆ ದೇಶಗಳಲ್ಲಿ ನಡೆಸಿರುವ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಫಲಿತಾಂಶವೆಂದರೆ, ಮೇಲ್ಮಣ್ಣಿನ ಕಿಣ್ವ ಚಟುವಟಿಕೆ ಸಹಜ ಅರಣ್ಯದಲ್ಲಿ ಹೆಚ್ಚು, ನೆಡುತೋಪಿನಲ್ಲಿ ಕಡಿಮೆ. ಅದರ ಕಾರಣಗಳನ್ನು ನಮ್ಮ ಬೆಟ್ಟದಲ್ಲಿ ನಿಂತೇ ಗುರುತಿಸಬಹುದು.

ಕಾನಿನಲ್ಲಿ ಹತ್ತಾರು ಜಾತಿಯ ಮರಗಳು ವರ್ಷದ ಬೇರೆ ಬೇರೆ ತಿಂಗಳುಗಳಲ್ಲಿ ಎಲೆ ಉದುರಿಸುತ್ತವೆ. ತೆಳುವಾದ ಎಲೆ ಬೇಗ ಕೊಳೆತು ಸೂಕ್ಷ್ಮಜೀವಿಗಳಿಗೆ ಕೂಡಲೇ ಆಹಾರವಾಗುತ್ತದೆ. ಗಡುಸಾದ ಎಲೆ ನಿಧಾನವಾಗಿ ಕೊಳೆತು ಬುತ್ತಿಯಾಗಿ ಉಳಿಯುತ್ತದೆ. ಮಣ್ಣಿನ ಜೀವಿಗಳಿಗೆ ಊಟ ತಪ್ಪುವುದಿಲ್ಲ, ಒಂದೇ ಬಗೆಯ ಊಟವೂ ಇರುವುದಿಲ್ಲ. ನೆರಳಿನಿಂದ ತೇವ ಉಳಿಯುತ್ತದೆ. ಶಿಲೀಂಧ್ರದ ಎಳೆಗಳನ್ನೂ ಬೇರಿನ ಜಾಲವನ್ನೂ ಯಾರೂ ಕದಡುವುದಿಲ್ಲ.

ನೆಡುತೋಪಿನ ಇತಿಹಾಸ ಆರಂಭವಾಗುವುದೇ ಕಡಿತದಿಂದ, ಗುಂಡಿ ತೆಗೆಯುವುದರಿಂದ. ಕೆಲವೊಮ್ಮೆ ಬೆಂಕಿಯಿಂದ. ತೇಗ ಬೇಸಿಗೆಯಲ್ಲಿ ಸಂಪೂರ್ಣವಾಗಿ ಎಲೆ ಕಳೆದುಕೊಂಡು ನೆಲವನ್ನು ಬಿಸಿಲಿಗೊಡ್ಡುತ್ತದೆ. ಅಕೇಶಿಯಾದಲ್ಲಿ ನಾವು ಎಲೆಯೆಂದು ಕರೆಯುವುದು ವಾಸ್ತವವಾಗಿ ಅಗಲವಾಗಿ ಚಪ್ಪಟೆಯಾದ ಎಲೆತೊಟ್ಟು. ಅದು ಗಡುಸು, ಕೊಳೆಯಲು ಬಹುಕಾಲ ಹಿಡಿಯುತ್ತದೆ. ಭೈರುಂಬೆಯ ಬೆಳೆಗಾರರು ನೋಡುವ ಕೊಳೆಯದ ದಪ್ಪ ಪದರದ ಗುಟ್ಟು ಇದು. ನೆಲದ ಮೇಲೆ ಎಲೆ ಬಹಳವಿದೆ ಎಂಬುದೂ ಮಣ್ಣು ಅದನ್ನು ಜೀರ್ಣಿಸಿಕೊಳ್ಳುತ್ತಿದೆ ಎಂಬುದೂ ಬೇರೆ ಬೇರೆ ಸಂಗತಿಗಳು.

ಆದರೆ ಒಂದೇ ಮಾತಿನಲ್ಲಿ ನೆಡುತೋಪನ್ನು ಸತ್ತ ಮಣ್ಣೆಂದು ತೀರ್ಮಾನಿಸುವುದು ವೈಜ್ಞಾನಿಕವಲ್ಲ. ಅಕೇಶಿಯಾದ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಸಾರಜನಕ ಹೆಚ್ಚಿದಾಗ ರಂಜಕದ ಬೇಡಿಕೆಯೂ ಹೆಚ್ಚಿ, ಫಾಸ್ಫಟೇಸ್ ಕೆಲವೆಡೆ ಏರುವುದೂ ಉಂಟು. ಬೋಳು ಗುಡ್ಡದ ಲ್ಯಾಟರೈಟ್ ಮೇಲೆ ನೆಟ್ಟ ತೋಪು ಆ ಬೋಳು ನೆಲಕ್ಕಿಂತ ಉತ್ತಮ ಮಣ್ಣನ್ನೇ ಕೊಡುತ್ತದೆ. ತೋಪಿಗೆ ವಯಸ್ಸಾಗಿ, ಅದರ ಕೆಳಗೆ ಸ್ಥಳೀಯ ಗಿಡಗಳು ತಾವಾಗಿ ಹುಟ್ಟಿ ಬಂದಂತೆ ಕಿಣ್ವ ಚಟುವಟಿಕೆ ಚೇತರಿಸಿಕೊಳ್ಳುತ್ತದೆ. ನಷ್ಟವಾಗುವುದು ಸಹಜ ಕಾಡನ್ನು ಕಡಿದು ಆ ಜಾಗದಲ್ಲಿ ಏಕಜಾತಿಯನ್ನು ನೆಟ್ಟಾಗ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಸಮೀಪದ ಕಾಡಿನಲ್ಲಿ ಜನರು ಮರಗಳನ್ನು ಅಪ್ಪಿ ನಿಂತು ಅಪ್ಪಿಕೋ ಚಳವಳಿಯನ್ನು ಆರಂಭಿಸಿದಾಗ ಅವರ ಆತಂಕಗಳಲ್ಲಿ ಇದೂ ಸೇರಿತ್ತು. ನೀರು ಮತ್ತು ಗೊಬ್ಬರದ ಅನುಭವದಿಂದ ಅವರು ಗ್ರಹಿಸಿದ ವ್ಯತ್ಯಾಸದ ಒಂದು ಭಾಗವನ್ನು ಇಂದು ಕಿಣ್ವಗಳ ಅಳತೆಯಿಂದ ಅಂಕಿಗಳಲ್ಲಿ ತೋರಿಸಲು ಸಾಧ್ಯವಿದೆ.

ನಮ್ಮದೇ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಸೊಪ್ಪಿನ ಬೆಟ್ಟ ಸಹಜ ಕಾಡಿನ ಮರಗಳಿಂದಲೇ ಕೂಡಿದ್ದರೂ ಪ್ರತಿವರ್ಷ ಟೊಂಗೆ ಉಳಿಯದಂತೆ ಸೊಪ್ಪು ಕೊಚ್ಚಿ, ದರಕನ್ನು ನೆಲ ಕಾಣುವಂತೆ ಗುಡಿಸಿದರೆ ಅದರ ಮಣ್ಣೂ ಹಸಿಯುತ್ತದೆ. ಅಂಥ ಬೆಟ್ಟದ ಮಣ್ಣು ಕಾನಿನ ಮಣ್ಣಿಗಿಂತ ನೆಡುತೋಪಿನ ಮಣ್ಣಿಗೇ ಹತ್ತಿರವಾದೀತು. ಮರ ಯಾವುದೆಂಬುದರಷ್ಟೇ, ಮಣ್ಣಿಗೆ ಎಷ್ಟನ್ನು ಬಿಟ್ಟುಕೊಡುತ್ತೇವೆ ಎಂಬುದೂ ಮುಖ್ಯ.

ಕೊನೆಯ ವರ್ಷಗಳು

ನೊಬೆಲ್ ಪ್ರಶಸ್ತಿಯ ಮರುವರ್ಷ, 1947ರಲ್ಲಿ, ಸಮ್ನರ್ ಅವರು ಕಾರ್ನೆಲ್‌ನ ಕಿಣ್ವ ರಸಾಯನ ಪ್ರಯೋಗಾಲಯದ ನಿರ್ದೇಶಕರಾದರು. 1948ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ಕಿಟಕಿಯ ಕಟ್ಟೆಯ ಮೇಲೆ ಪಾತ್ರೆಯಿಟ್ಟು ಚಳಿಗೆ ಕಾಯುತ್ತಿದ್ದವರಿಗೆ ಸುಸಜ್ಜಿತ ಪ್ರಯೋಗಾಲಯ ದೊರೆತಾಗ ಅವರ ವಯಸ್ಸು ಅರವತ್ತಾಗಿತ್ತು. 1955ರಲ್ಲಿ ನಿವೃತ್ತರಾಗಿ, ಬ್ರೆಜಿಲ್ ದೇಶಕ್ಕೆ ಹೋಗಿ ಅಲ್ಲಿ ಕಿಣ್ವ ಸಂಶೋಧನೆಯನ್ನು ಕಟ್ಟಿ ಬೆಳೆಸುವ ಸಿದ್ಧತೆಯಲ್ಲಿದ್ದಾಗ ಕ್ಯಾನ್ಸರ್ ಕಾಣಿಸಿಕೊಂಡಿತು. ಅದೇ ವರ್ಷದ ಆಗಸ್ಟ್ 12ರಂದು ಬಫಲೋ ನಗರದಲ್ಲಿ ನಿಧನರಾದರು.

ಅವರ ಹರಳುಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಯೂರಿಯೇಸ್‌ನೊಳಗೆ ನಿಕ್ಕಲ್ ಲೋಹವಿದೆಯೆಂದು 1975ರಲ್ಲಿ ತಿಳಿದುಬಂತು. ಸಸ್ಯಗಳಿಗೂ ನಿಕ್ಕಲ್ ಅತ್ಯಲ್ಪ ಪ್ರಮಾಣದಲ್ಲಿ ಬೇಕೆಂಬ ಅರಿವಿಗೆ ಇದು ದಾರಿಯಾಯಿತು.

ಬೆಳೆಗಾರರಿಗೆ ಮತ್ತು ವಿಸ್ತರಣಾ ಕಾರ್ಯಕರ್ತರಿಗೆ ಸಲಹೆಗಳು

1. ಬೆಟ್ಟವನ್ನು ಮೂರು ನಾಲ್ಕು ಪಾಲುಗಳಾಗಿ ಮಾಡಿಕೊಂಡು ಸರದಿಯಂತೆ ಸೊಪ್ಪು ಕೊಚ್ಚಬೇಕು. ಒಂದು ಪಾಲಿಗಾದರೂ ವರ್ಷವಿಡೀ ವಿಶ್ರಾಂತಿ ಇರಲಿ. ದರಕು ಗುಡಿಸುವಾಗ ಮಣ್ಣಿಗೆ ತಾಗಿರುವ, ಅರೆ ಕೊಳೆತ ಪದರವನ್ನು ಬಿಡಬೇಕು. ಕಿಣ್ವಗಳು ಹೆಚ್ಚಾಗಿರುವುದು ಆ ಪದರ ಮತ್ತು ಅದರ ಕೆಳಗಿನ ಕೆಲವು ಅಂಗುಲ ಮಣ್ಣಿನಲ್ಲಿ.

2. ಬೆಟ್ಟಕ್ಕೆ ಬೆಂಕಿ ಬೀಳದಂತೆ ಬೇಸಿಗೆಗೆ ಮೊದಲೇ ಬೆಂಕಿರೇಖೆ ಮಾಡಬೇಕು. ಒಂದು ಬೆಂಕಿ ಎಲೆಯನ್ನೂ ಮೇಲ್ಮಣ್ಣಿನ ಜೀವಿಗಳನ್ನೂ ಕಿಣ್ವಗಳನ್ನೂ ಒಟ್ಟಿಗೆ ಕೊಲ್ಲುತ್ತದೆ.

3. ಅಕೇಶಿಯಾ ತೋಪಿನ ಅಡಿಯಲ್ಲಿ ತಾವಾಗಿ ಹುಟ್ಟಿದ ಮತ್ತಿ, ಹೊನ್ನೆ, ನೇರಲು, ಮುರುಗಲು, ಉಪ್ಪಾಗೆ ಸಸಿಗಳನ್ನು ಕಳೆಯೆಂದು ಸವರಬಾರದು. ತೋಪನ್ನು ಸಹಜ ಕಾಡಿನತ್ತ ಮರಳಿಸುವ ಅತ್ಯಂತ ಅಗ್ಗದ ದಾರಿ ಅವುಗಳ ರಕ್ಷಣೆ.

4. ಅಕೇಶಿಯಾ ಎಲೆಯನ್ನು ನೇರವಾಗಿ ಅಡಿಕೆಯ ಬುಡಕ್ಕೆ ದಪ್ಪವಾಗಿ ಹಾಕುವ ಬದಲು ಬೇರೆ ಸೊಪ್ಪಿನೊಡನೆ ಬೆರೆಸಿ ಕೊಟ್ಟಿಗೆಗೆ ಹಾಸಬೇಕು. ಸಗಣಿ ಗಂಜಳದೊಡನೆ ಗೊಬ್ಬರಗುಂಡಿಯಲ್ಲಿ ಚೆನ್ನಾಗಿ ಕೊಳೆತ ಬಳಿಕ ತೋಟಕ್ಕೆ ಕೊಡಬೇಕು.

5. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಮತ್ತು ತಲಾ 12 ಕಿಲೋ ಹಸಿರೆಲೆ ಹಾಗೂ ಕಾಂಪೋಸ್ಟ್ ಶಿಫಾರಸಿದೆ. ಸಾರಜನಕವನ್ನು ಪೂರ್ತಿಯಾಗಿ ಯೂರಿಯಾದಿಂದಲೇ ಕೊಟ್ಟರೆ ಅದು ಸುಮಾರು 217 ಗ್ರಾಂ ಆಗುತ್ತದೆ; ಇದನ್ನು ಎರಡು ಕಂತುಗಳಲ್ಲಿ ಕೊಡಬೇಕು. ಒಣಗಿದ ಹೊದಿಕೆಯ ಮೇಲೆ ಯೂರಿಯಾ ಎರಚಬಾರದು. ಎಲೆಗೊಳೆಯಲ್ಲಿ ಯೂರಿಯೇಸ್ ಬಹಳವಿರುವುದರಿಂದ ಅಲ್ಲಿ ಹುಟ್ಟಿದ ಅಮೋನಿಯ ಗಾಳಿಗೆ ಹಾರಿಹೋಗುತ್ತದೆ. ಹೊದಿಕೆಯನ್ನು ಸರಿಸಿ, ತೇವವಿರುವ ಮಣ್ಣಿಗೆ ಹಾಕಿ, ಮಣ್ಣು ಮುಚ್ಚಿ, ಹೊದಿಕೆಯನ್ನು ಮತ್ತೆ ಹರಡಬೇಕು. ಕಿಣ್ವ ಹೆಚ್ಚಿರುವುದು ಒಳ್ಳೆಯದು, ಆದರೆ ಅದರ ಕೆಲಸ ಮಣ್ಣಿನೊಳಗೆ ನಡೆಯಬೇಕು.

6. ಕಿಣ್ವ ಪರೀಕ್ಷೆಗೆ ಮಣ್ಣು ತೆಗೆಯುವ ಕ್ರಮ ಸಾಮಾನ್ಯ ಪರೀಕ್ಷೆಗಿಂತ ಭಿನ್ನ. ಮಣ್ಣನ್ನು ಒಣಗಿಸಬಾರದು. ಮೇಲಿನ 15 ಸೆಂಟಿಮೀಟರ್ ಆಳದಿಂದ ಹಸಿಮಣ್ಣನ್ನು ತೆಗೆದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಬೇಗನೆ ಪ್ರಯೋಗಾಲಯಕ್ಕೆ ತಲುಪಿಸಬೇಕು. ಅಲ್ಲಿ ಅದನ್ನು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸುತ್ತಾರೆ. ಕಾನು ಮತ್ತು ತೋಪನ್ನು ಹೋಲಿಸುವುದಾದರೆ ಒಂದೇ ಇಳಿಜಾರು, ಒಂದೇ ಬಗೆಯ ಮಣ್ಣು, ಒಂದೇ ದಿನ ಎಂಬ ಮೂರು ನಿಯಮಗಳನ್ನು ಪಾಲಿಸಬೇಕು. ಮಳೆಗಾಲದ ಕಾನನ್ನು ಬೇಸಿಗೆಯ ತೋಪಿನೊಡನೆ ಹೋಲಿಸಿದರೆ ಕಾಣುವುದು ಋತುವಿನ ವ್ಯತ್ಯಾಸವೇ ಹೊರತು ಕಾಡಿನದಲ್ಲ.

7. ಮಣ್ಣು ಕೆಲಸ ಮಾಡುತ್ತದೆ ಎಂಬುದನ್ನು ರೈತರ ಸಭೆಯಲ್ಲಿ ತೋರಿಸಲು ಸರಳ ಪ್ರಾತ್ಯಕ್ಷಿಕೆಯೊಂದಿದೆ. ಎರಡು ಅಗಲ ಬಾಯಿಯ ಬಾಟಲಿಗಳನ್ನು ತೆಗೆದುಕೊಳ್ಳಬೇಕು. ಒಂದರಲ್ಲಿ ಬೆಟ್ಟದ ಒಂದು ಹಿಡಿ ಹಸಿಮಣ್ಣು, ಇನ್ನೊಂದರಲ್ಲಿ ಅಡುಗೆಗೆ ಬಳಸದ ಹಳೆಯ ಪ್ರೆಷರ್ ಕುಕ್ಕರಿನಲ್ಲಿ ಒಂದು ಗಂಟೆ ಬೇಯಿಸಿ ಆರಿಸಿದ ಅದೇ ಮಣ್ಣು ಇರಲಿ. ಎರಡಕ್ಕೂ ಒಂದೊಂದು ಚಮಚ ಯೂರಿಯಾವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಸೇರಿಸಿ, ಮುಚ್ಚಿ ನಾಲ್ಕೈದು ಗಂಟೆ ಬಿಡಬೇಕು. ಬಳಿಕ ಒಂದೊಂದು ಚಮಚ ಸುಣ್ಣದ ಪುಡಿ ಹಾಕಿ, ಅರಿಶಿನದ ನೀರಿನಲ್ಲಿ ಅದ್ದಿದ ಒದ್ದೆ ಕಾಗದವನ್ನು ಬಾಯಿಯ ಬಳಿ ತೂಗುಬಿಟ್ಟು ಮುಚ್ಚಬೇಕು. ಹಸಿಮಣ್ಣಿನ ಬಾಟಲಿಯಲ್ಲಿ ಅಮೋನಿಯ ಮೇಲೆದ್ದು ಅರಿಶಿನ ಕೆಂಪಾಗುತ್ತದೆ; ಬೆಂದ ಮಣ್ಣಿನಲ್ಲಿ ಬಣ್ಣ ಬಹಳ ಮಸುಕಾಗಿರುತ್ತದೆ. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದು ಎಲ್ಲರಿಗೂ ಗೊತ್ತಿರುವುದರಿಂದ ಸುಣ್ಣದ ಪುಡಿ ಕಾಗದವನ್ನು ಮುಟ್ಟದಂತೆ ಎಚ್ಚರ ವಹಿಸಬೇಕು. ಇದು ತೋರಿಕೆಗೆ ಮಾತ್ರ. ಕಾನು ಮತ್ತು ತೋಪಿನ ನಡುವಣ ಅಂತರವನ್ನು ಅಳೆಯಲು ಪ್ರಯೋಗಾಲಯವೇ ಬೇಕು.

ಉಪಸಂಹಾರ

ಬೆಂದ ಮಣ್ಣಿನಲ್ಲಿಯೂ ರಂಜಕ, ಪೊಟ್ಯಾಷ್ ಇದ್ದೇ ಇರುತ್ತವೆ. ಸಾಮಾನ್ಯ ಪರೀಕ್ಷೆಯ ವರದಿಯಲ್ಲಿ ಅದು ಹಸಿಮಣ್ಣಿಗಿಂತ ತೀರ ಬೇರೆಯಾಗಿ ಕಾಣದಿರಬಹುದು. ಅದರಲ್ಲಿ ಇಲ್ಲವಾದದ್ದು ಜೀವಿಗಳು ಮತ್ತು ಅವು ತಯಾರಿಸಿದ ಕಿಣ್ವಗಳು. ಭೈರುಂಬೆಯ ಬೆಳೆಗಾರರ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. ಕಿಣ್ವ ಆಕಾಶದಿಂದ ಬಂದ ಶಕ್ತಿಯಲ್ಲ, ಜೀವಿಗಳು ಆಹಾರ ತಿಂದು ಕಟ್ಟುವ ವಸ್ತು ಎಂಬುದನ್ನು ಸಮ್ನರ್ ಒಂದು ಕೈಯಿಂದ ಒಂಬತ್ತು ವರ್ಷ ದುಡಿದು ತೋರಿಸಿದರು. ವಸ್ತುವಾದುದರಿಂದ ಅದು ಸವೆಯುತ್ತದೆ, ಕೊಚ್ಚಿಹೋಗುತ್ತದೆ, ಸುಟ್ಟುಹೋಗುತ್ತದೆ. ಮಣ್ಣಿನ ಜೀವಿಗಳಿಗೆ ಆಹಾರ ದೊರೆತರೆ ಮತ್ತೆ ತುಂಬಿಕೊಳ್ಳುತ್ತದೆ. ಅಡಿಕೆ ತೋಟದ ಫಲವತ್ತತೆಯ ಬೇರು ಬೆಟ್ಟದಲ್ಲಿದೆ ಎಂದು ನಮ್ಮ ಹಿರಿಯರು ನಂಬಿದ್ದರು. ಆ ಬೆಟ್ಟದಲ್ಲಿ ಬಗೆಬಗೆಯ ಮರಗಳನ್ನೂ, ಅವುಗಳ ಎಲೆಯ ಒಂದು ಪಾಲನ್ನೂ ಮಣ್ಣಿಗೆ ಉಳಿಸಿಕೊಡುವುದು ಇಂದಿನ ಬೆಳೆಗಾರರ ಕೈಯಲ್ಲಿದೆ.